ಸಿಲಿಕಾನ್ ವೇಫರಿನಲ್ಲಿ (ಚಿಪ್ ತಯಾರಿಸುವ ತೆಳುಬಿಲ್ಲೆಯಲ್ಲಿ) ರಾಸಾಯನಿಕದಿಂದ ಕೊರೆದ ಗುಂಡಿಯ ಗೋಡೆಗಳು ಓರೆಯಾಗಿರುವುದೇಕೆ?

ಇದನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ದ್ರಾವಣಕ್ಕಿಂತ ಮೊದಲು ಸಿಲಿಕಾನ್ ಹರಳಿನ ರಚನೆಯನ್ನು ತೋರಿಸುವುದು ಒಳ್ಳೆಯದು. ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣವು ಎಲ್ಲ ದಿಕ್ಕುಗಳಲ್ಲೂ ಹೆಚ್ಚುಕಡಿಮೆ ಸಮನಾಗಿ ಕರಗಿಸುವುದರಿಂದ ಗುಂಡಿಯು ಬಟ್ಟಲಿನ ಆಕಾರ ತಾಳುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಗಲ್ಲ. 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಶೇ. 30ರ ದ್ರಾವಣವು 100 ಎಂಬ ಸಮತಲವನ್ನು (ಹರಳಿನ ಸಮತಲ, ದಿಕ್ಕುಗಳನ್ನು ಹೀಗೆ ಮೂರು ಅಂಕಿಗಳಿಂದ ಹೆಸರಿಸುತ್ತಾರೆ; ಇಲ್ಲಿ ವೇಫರಿನ ಮೇಲ್ಮೈಯೇ 100) ನಿಮಿಷಕ್ಕೆ ಸುಮಾರು 1 ಮೈಕ್ರಾನ್‌ನಂತೆ ಕೊರೆಯುತ್ತದೆ. ಆದರೆ 111 ಸಮತಲದಲ್ಲಿ ಪ್ರತಿ ಪರಮಾಣುವನ್ನೂ ಒಳಗಿನ ಮೂರು ಬಂಧಗಳು ಹಿಡಿದಿರುವುದರಿಂದ ಅಲ್ಲಿ ಕೊರೆತವು ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಈ ಎರಡು ಸಮತಲಗಳ ನಡುವಿನ 54.7 ಡಿಗ್ರಿ ಕೋನವೇ ಗೋಡೆಯ ಓರೆ.

ತರಗತಿಯಲ್ಲಿ ಇದನ್ನು ಲೆಕ್ಕ ಮಾಡಿಸಬಹುದು. ಕೊರೆಯಬಾರದ ಭಾಗವನ್ನು ದ್ರಾವಣದಿಂದ ಕಾಯುವ ಸಿಲಿಕಾನ್ ನೈಟ್ರೈಡ್ ಮುಸುಕಿನಲ್ಲಿ 100 ಮೈಕ್ರಾನ್ ಅಗಲದ ಉದ್ದನೆಯ ಸೀಳು ಬಿಟ್ಟರೆ, ಎರಡು ಗೋಡೆಗಳೂ ಸುಮಾರು 71 ಮೈಕ್ರಾನ್ ಆಳದಲ್ಲಿ ಕೂಡಿ, ಗಡಿಯಾರ ನೋಡುವ ಅಗತ್ಯವಿಲ್ಲದೆ ಕೊರೆತ ತಾನಾಗಿಯೇ ನಿಲ್ಲುತ್ತದೆ. ಒತ್ತಡ ಸಂವೇದಕದ ತೆಳುಪದರಕ್ಕಾದರೆ ಕಿಂಡಿಯನ್ನು ಅಗಲವಾಗಿ ಬಿಟ್ಟು, ಗೋಡೆಗಳು ಕೂಡುವ ಮೊದಲೇ, ತಳದಲ್ಲಿ ಬೇಕಾದಷ್ಟು ದಪ್ಪ ಉಳಿದಾಗ ವೇಫರನ್ನು ಹೊರತೆಗೆಯಬೇಕು.

ಪಠ್ಯಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ, ಆದರೆ ಪ್ರಯೋಗದಲ್ಲಿ ಹೆಚ್ಚು ಕಾಡುವ ವಿಷಯವೆಂದರೆ ಜೋಡಣೆ: ಮುಸುಕಿನ ಅಂಚು ಹರಳಿನ 110 ದಿಕ್ಕಿಗೆ ಸರಿಯಾಗಿ ಹೊಂದದೆ ತುಸು ತಿರುಗಿದ್ದರೂ ದ್ರಾವಣವು ಮುಸುಕಿನ ಅಡಿಗೆ ನುಗ್ಗಿ, ಗುಂಡಿಯು ವಿನ್ಯಾಸಕ್ಕಿಂತ ಅಗಲವಾಗುತ್ತದೆ.