ಮಾಡಿನಿಂದ ಬಿದ್ದ ನಾಯಿ, ಮೈದಾನದಲ್ಲಿ ಓದಿದ ಕಾಯ್ದೆ

ಪ್ರಶ್ನೆ: ಜೋರು ಮಳೆಗೆ ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಅನ್ನುತ್ತಾರಲ್ಲ. 1500ರ ದಶಕಗಳಲ್ಲಿ ಇಂಗ್ಲೆಂಡಿನ ಬೆಕ್ಕು ನಾಯಿಗಳು ಹುಲ್ಲಿನ ಮಾಡಿನ ಮೇಲೆ ಮಲಗುತ್ತಿದ್ದವು, ಮಳೆ ಬಂದಾಗ ಜಾರಿ ಬೀಳುತ್ತಿದ್ದವು ಎಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದೆ. ಮಕ್ಕಳಿಗೆ ಹೀಗೇ ಹೇಳಿಕೊಡಬಹುದೇ?
– ಶಿಕ್ಷಕಿ, ಹಾವೇರಿ

ಉತ್ತರ: ಬೇಡ. ಈ ಕಥೆ 1999ರ ಹೊತ್ತಿಗೆ ಇ-ಮೇಲ್‌ಗಳಲ್ಲಿ ಓಡಾಡಿದ ಒಂದು ತಮಾಷೆಯ ಬರಹದ್ದು. ಹುಲ್ಲಿನ ಮನೆಯಲ್ಲಿ ಬಾಳಿದ ಹಿರಿಯರು ನಿಮ್ಮೂರಲ್ಲೂ ಇರಬಹುದು, ಮಾಡಿನ ಮೇಲೆ ನಾಯಿ ಮಲಗಿದ್ದನ್ನು ಕಂಡಿದ್ದೀರಾ ಎಂದು ಕೇಳಿ ನೋಡಿ! ಮಾತು ಅಚ್ಚಿನಲ್ಲಿ ಕಾಣಿಸುವುದೂ ತಡವಾಗಿ. 1653ರಲ್ಲಿ ಅಚ್ಚಾದ ರಿಚರ್ಡ್ ಬ್ರೋಮ್‌ನ ನಾಟಕವೊಂದರಲ್ಲಿ ನಾಯಿಗಳ ಜೊತೆ ಬೀಳುವುದು ಬೆಕ್ಕಲ್ಲ, ಮುಂಗುಸಿಯಂಥ ಪೋಲ್‌ಕ್ಯಾಟ್. ಇವತ್ತಿನ ರೂಪ ಜೊನಾಥನ್ ಸ್ವಿಫ್ಟ್ 1738ರಲ್ಲಿ ಪ್ರಕಟಿಸಿದ ಸಂಭಾಷಣೆಗಳಲ್ಲಿದೆ. ಅದೇ ಸ್ವಿಫ್ಟ್ 1710ರಲ್ಲಿ ಲಂಡನ್ ಮಳೆಯ ಮೇಲೊಂದು ಪದ್ಯ ಬರೆದಿದ್ದ. ಕಸಾಯಿ ಅಂಗಡಿಗಳ ಕೊಚ್ಚೆ, ಮುಳುಗಿ ಸತ್ತ ನಾಯಿಮರಿ, ಸತ್ತ ಬೆಕ್ಕು, ಗಡ್ಡೆಯ ಸೊಪ್ಪು ಎಲ್ಲವೂ ಚರಂಡಿಯಲ್ಲಿ ಉರುಳಿಕೊಂಡು ಬರುತ್ತವೆ. ಮಾತಿನ ಮೂಲ ಇದೇ ಎನ್ನಲು ಬರುವುದಿಲ್ಲ, ಮಾತು ಪದ್ಯಕ್ಕಿಂತ ಹಳೆಯದು. ಆದರೂ ಆ ಕಾಲದ ಬೀದಿ ಹೇಗಿತ್ತು ಎಂದು ಮಕ್ಕಳಿಗೆ ತೋರಿಸಲು ಮಾಡಿನ ಕಥೆಗಿಂತ ಇದು ಎಷ್ಟೋ ವಾಸಿ.

ಪ್ರಶ್ನೆ: ಅನುವಾದದ ಕೆಲಸ ಮಾಡುತ್ತೇನೆ. ತಂದೆ ಮಗನಿಗೆ ‘ರೆಡ್ ದ ರಯಟ್ ಆ್ಯಕ್ಟ್’ ಎಂದು ಒಂದು ಕಡೆ ಬಂದಿದೆ, ಗದರಿ ಎಚ್ಚರಿಸಿದ ಎಂಬ ಅರ್ಥದಲ್ಲಿ. ಗಲಭೆಗೂ ಮನೆಯ ಜಗಳಕ್ಕೂ ಏನು ಸಂಬಂಧ?
– ಓದುಗರು, ಧಾರವಾಡ

ಉತ್ತರ: ಹುಟ್ಟಿನ ದಾಖಲೆ ಇರುವ ಅಪರೂಪದ ನುಡಿಗಟ್ಟು ಇದು. ಬ್ರಿಟನ್ನಿನಲ್ಲಿ ರಯಟ್ ಆ್ಯಕ್ಟ್ ಎಂಬ ಕಾಯ್ದೆ ನಿಜಕ್ಕೂ ಇತ್ತು. ಮೊದಲನೇ ಜಾರ್ಜ್ ಪಟ್ಟಕ್ಕೆ ಬಂದ ಹೊಸತರಲ್ಲಿ ಊರೂರಲ್ಲಿ ದೊಂಬಿ ಎದ್ದಿದ್ದವು. 1715ರ ಆಗಸ್ಟ್ 1ರಂದು ಕಾಯ್ದೆ ಜಾರಿಗೆ ಬಂತು. 12 ಅಥವಾ ಹೆಚ್ಚು ಜನ ಸೇರಿ ದಾಂಧಲೆ ನಡೆಸಿದರೆ ಮ್ಯಾಜಿಸ್ಟ್ರೇಟ್ ಅಲ್ಲಿಗೇ ಹೋಗಿ, ದೊರೆಯ ಹೆಸರಿನಲ್ಲಿ ಒಂದು ಘೋಷಣೆಯನ್ನು ಗಟ್ಟಿಯಾಗಿ ಓದಬೇಕು: ಎಲ್ಲರೂ ತಕ್ಷಣ ಚದುರಿ, ನಿಮ್ಮ ನಿಮ್ಮ ಮನೆಗೋ ಕೆಲಸಕ್ಕೋ ಶಾಂತವಾಗಿ ಹೋಗಿ. ಕೊನೆಗೆ ‘ದೇವರು ದೊರೆಯನ್ನು ಕಾಪಾಡಲಿ’. ಓದಿದ ಮೇಲೆ ಒಂದು ಗಂಟೆ ಗಡುವು. ಅದು ಮೀರಿಯೂ ನಿಂತವರಿಗೆ ಮರಣದಂಡನೆಯೂ ಆಗಬಹುದಿತ್ತು. ಚದುರಿಸುವಾಗ ಯಾರಾದರೂ ಸತ್ತರೆ ಅಧಿಕಾರಿಗಳ ಮೇಲೆ ಕೇಸಿಲ್ಲ.

ಒಂದಕ್ಷರ ತಪ್ಪಿದರೂ ಕಷ್ಟ. ಕೊನೆಯ ‘ದೇವರು ದೊರೆಯನ್ನು’ ಸಾಲನ್ನು ಓದದೆ ಬಿಟ್ಟಿದ್ದಕ್ಕೇ 1830ರ ಮೊಕದ್ದಮೆಯೊಂದರಲ್ಲಿ ಶಿಕ್ಷೆ ನಿಲ್ಲದೆ ಹೋಯಿತು. ಇನ್ನು ಗಲಾಟೆಯ ನಡುವೆ ಓದಿದ್ದು ಯಾರಿಗೆ ಕೇಳಬೇಕು? 1819ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಮತದಾನದ ಹಕ್ಕು ಕೇಳಲು ಸೇರಿದ್ದ ಜನಸಾಗರದ ಮೇಲೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಕಾಯ್ದೆ ಓದಿಯಾಗಿತ್ತು ಎಂದರು ಮ್ಯಾಜಿಸ್ಟ್ರೇಟರು. ನಮ್ಮ ಕಿವಿಗೆ ಬೀಳಲೇ ಇಲ್ಲ ಎಂದರು ಅಲ್ಲಿದ್ದ ಎಷ್ಟೋ ಜನ. ಕಳೆದ ಶತಮಾನದಲ್ಲಿ ಕಾಯ್ದೆ ರದ್ದಾಗಿ ಮಾತೊಂದು ಉಳಿಯಿತು.

ಹಾಗಾಗಿ ‘ಗಲಭೆ ಕಾಯ್ದೆ ಓದಿದರು’ ಎಂದು ದಯವಿಟ್ಟು ಬರೆಯಬೇಡಿ. ಬರೀ ‘ಬೈದರು’ ಅಂದರೂ ಸಾಲದು. ಇಲ್ಲಿಗೆ ನಿಲ್ಲಿಸದಿದ್ದರೆ ನೆಟ್ಟಗಿರಲ್ಲ ಎಂಬ ಎಚ್ಚರಿಕೆ ಅದರೊಳಗಿದೆ. ‘ಅಪ್ಪ ಮಗನ ಚಳಿ ಬಿಡಿಸಿದರು’ ಎಂದರೆ ಬಹುಪಾಲು ಸರಿಹೋಗುತ್ತದೆ. ಗಡುವಿನ ಬಿಸಿಯೂ ಬೇಕಿದ್ದರೆ ‘ಇದೇ ಕೊನೆ ಸಲ’ ಎಂದು ಅಪ್ಪನ ಬಾಯಲ್ಲಿ ಹೇಳಿಸಿ.

ಪ್ರಶ್ನೆ: ‘ನನಗೇನೂ ಲೆಕ್ಕಕ್ಕಿಲ್ಲ’ ಎನ್ನಲು ಬಳಸುವ ‘ಡೋಂಟ್ ಗಿವ್ ಎ ಡ್ಯಾಮ್’ ಎಂಬುದು ನಮ್ಮ ದಾಮ್ ನಾಣ್ಯದಿಂದ ಬಂದಿದ್ದಂತೆ, ಹೌದೇ?
– ಓದುಗರು, ಬೆಂಗಳೂರು

ಉತ್ತರ: ಆಸೆ ಹುಟ್ಟಿಸುವ ಕಥೆ. ಅಕ್ಬರನ ಕಾಲದಲ್ಲಿ ರೂಪಾಯಿಗೆ 40 ತಾಮ್ರದ ದಾಮ್ ಇದ್ದದ್ದು ನಿಜ, ಅಂದರೆ ಚಿಲ್ಲರೆ ಕಾಸು. ಭಾರತದ ಇಂಗ್ಲಿಷರು ಬಳಸುತ್ತಿದ್ದ ಪದಗಳ 1886ರ ಹಾಬ್ಸನ್-ಜಾಬ್ಸನ್ ನಿಘಂಟು ಈ ನಂಟನ್ನು ಊಹಿಸಿತು, ಅಲ್ಲಿಂದ ಹಬ್ಬಿತು. ಆದರೆ ಈ ಡ್ಯಾಮ್ ಲ್ಯಾಟಿನ್ನಿನಿಂದ ಫ್ರೆಂಚ್ ದಾರಿಯಾಗಿ ಇಂಗ್ಲಿಷಿಗೆ ಬಂದ ಶಾಪದ ಮಾತು. ಈಸ್ಟ್ ಇಂಡಿಯಾ ಕಂಪನಿ ಹುಟ್ಟುವ ಎಷ್ಟೋ ಮೊದಲೇ ಇಂಗ್ಲಿಷರ ಬಾಯಲ್ಲಿತ್ತು. ‘ಕಿಲುಬು ಕಾಸಿಗೂ ಬೆಲೆಯಿಲ್ಲ’ ಎಂಬ ನಮ್ಮ ಮಾತಿಗೂ ಅದಕ್ಕೂ ಹೋಲಿಕೆ ಕಾಣುವುದು ಕಾಕತಾಳೀಯ.