ಎಂಟು ವರ್ಷ ಕ್ಲೈಮ್ ಇಲ್ಲದಿದ್ದರೂ ಥರ್ಡ್ ಪಾರ್ಟಿ ಪ್ರೀಮಿಯಂ ಯಾಕೆ ಇಳಿಯಲ್ಲ?

ನೀವು ಕೇಳಿರುವುದು ಇಷ್ಟು: ತುಮಕೂರಲ್ಲಿ 1,197 ಸಿಸಿ ಕಾರು, ಎಂಟು ವರ್ಷದಿಂದ ಒಂದೂ ಕ್ಲೈಮ್ ಇಲ್ಲ. ಪಕ್ಕದ ಮನೆ ಹುಡುಗನದೂ ಅಂಥದ್ದೇ ಕಾರು, ಎರಡು ಸಲ ಯಾರಿಗೋ ಗುದ್ದಿದ್ದಾನೆ. ಆದರೂ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ ವಿಮೆಯ ದುಡ್ಡು ಇಬ್ಬರಿಗೂ ಒಂದೇ. ಹಾಗಾದರೆ ಇವರು ರಿಸ್ಕ್ ಅಂತ ಲೆಕ್ಕ ಹಾಕುವುದು ಏನನ್ನ?

ನಾನೂ ಇದೇ ಊರಿನವನು, ವಿಮೆಯ ಡೇಟಾ ನೋಡುವುದೇ ಕೆಲಸ. ಥರ್ಡ್ ಪಾರ್ಟಿ ದರದಲ್ಲಿ ನಿಮ್ಮನ್ನು ಯಾರೂ ನೋಡುವುದೇ ಇಲ್ಲ, ಗಾಡಿಯನ್ನು ಮಾತ್ರ ನೋಡುತ್ತಾರೆ. ಮೂಲ ದರ ಗೊತ್ತು ಮಾಡುವುದು ಕಂಪನಿಯಲ್ಲ, ಸರ್ಕಾರ. 2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕೂ ಮೇಲಿದ್ದರೆ 7,897. ಓಡಿಸುವವರ ವಯಸ್ಸಿಲ್ಲ, ಊರಿಲ್ಲ, ಹಳೇ ಕ್ಲೈಮ್ ಇಲ್ಲ. ನಿಮ್ಮ ರಿನ್ಯೂವಲ್ ಹಾಳೆ ತೆಗೆದು ನೋಡಿ. ನೋ ಕ್ಲೈಮ್ ಬೋನಸ್ (ಎನ್‌ಸಿಬಿ, ಕ್ಲೈಮ್ ಇಲ್ಲದ್ದಕ್ಕೆ ಸಿಗುವ ರಿಯಾಯಿತಿ) ಕಳೆದಿರುವುದು ಓನ್ ಡ್ಯಾಮೇಜ್, ಅಂದರೆ ನಿಮ್ಮದೇ ಗಾಡಿಯ ಹಾನಿಯ ಭಾಗದಲ್ಲಿ ಮಾತ್ರ.

ಡೇಟಾ ಕೇಳಿದರೆ ಬೇರೆ ಮಾತು ಹೇಳುತ್ತೆ. ವಿಮೆಯ ರಿಸ್ಕ್ ಲೆಕ್ಕ ಹಾಕುವುದನ್ನು ಕಲಿಯುವವರು ಸಾಮಾನ್ಯವಾಗಿ ಕೈ ಹಾಕುವುದು ಫ್ರಾನ್ಸಿನ ಒಂದು ಡೇಟಾಗೆ, 6,78,013 ಥರ್ಡ್ ಪಾರ್ಟಿ ಪಾಲಿಸಿಗಳು. ಅದರಲ್ಲಿ ಡ್ರೈವರ್ ವಯಸ್ಸು, ಗಾಡಿ ವಯಸ್ಸು, ಎಂಜಿನ್ ಶಕ್ತಿ, ಊರಿನ ಜನಸಾಂದ್ರತೆ ಎಲ್ಲ ಇದೆ. ಜೊತೆಗೆ ಬೋನಸ್-ಮಾಲಸ್ ಅಂಕ, ಅಂದರೆ ಹಳೇ ಕ್ಲೈಮ್ ನೋಡಿ ಪ್ರೀಮಿಯಂ ಏರಿಸುವ, ಇಳಿಸುವ ಅಂಕ. ಅಲ್ಲಿ ಎಲ್ಲರೂ 100ರಿಂದ ಶುರು. ಕ್ಲೈಮ್ ಇಲ್ಲದ ವರ್ಷಕ್ಕೆ ಶೇ. 5 ಇಳಿಯುತ್ತೆ, ತನ್ನದೇ ತಪ್ಪಿನ ಅಪಘಾತಕ್ಕೆ ಶೇ. 25 ಏರುತ್ತೆ. ಇದನ್ನೆಲ್ಲ ಮಾಡೆಲ್‌ಗೆ, ಅಂದರೆ ರಿಸ್ಕ್ ಅಂದಾಜು ಮಾಡುವ ಲೆಕ್ಕಕ್ಕೆ ಹಾಕಿದಾಗ ಎದ್ದು ಕಾಣುವುದು ಈ ಅಂಕವೇ. ನೀವು ಅಲ್ಲಿದ್ದಿದ್ದರೆ ಇಷ್ಟೊತ್ತಿಗೆ 64ಕ್ಕೆ ಬಂದಿರುತ್ತಿದ್ದಿರಿ.

ಮಾಡೆಲ್ ಅಂದರೆ ದೊಡ್ಡ ಮಾಯೆಯೇನಲ್ಲ. ಎಷ್ಟು ಸಲ ಕ್ಲೈಮ್ ಬಂತು ಅನ್ನುವುದಕ್ಕೆ ಒಂದು, ಬಂದಾಗ ಎಷ್ಟು ದುಡ್ಡು ಹೋಯಿತು ಅನ್ನುವುದಕ್ಕೆ ಇನ್ನೊಂದು. ಮೊದಲನೆಯದಕ್ಕೆ ಸಾಮಾನ್ಯವಾಗಿ ಪಾಯ್ಸನ್ ರಿಗ್ರೆಷನ್, ಎಷ್ಟು ಸಲ ಅನ್ನುವ ಎಣಿಕೆಯನ್ನು ಅಂದಾಜು ಮಾಡುವ ಒಂದು ಸಂಖ್ಯಾಶಾಸ್ತ್ರದ ವಿಧಾನ. ಪಾಲಿಸಿ ಎಷ್ಟು ಕಾಲ ಚಾಲ್ತಿಯಲ್ಲಿತ್ತು ಅನ್ನುವುದನ್ನು ಅದಕ್ಕೆ ಹೇಳಲೇಬೇಕು. ಮೂರು ತಿಂಗಳಲ್ಲಿ ಬಂದ ಒಂದು ಕ್ಲೈಮೂ ಪೂರ್ತಿ ವರ್ಷದಲ್ಲಿ ಬಂದ ಒಂದು ಕ್ಲೈಮೂ ಒಂದೇ ಅಲ್ಲ, ಅಲ್ವಾ? ಹುಡುಗರ ಸರಾಸರಿ ಜಾಸ್ತಿ ಬಂತು ಅಂತ ಸುಮ್ನೆ ವಯಸ್ಸನ್ನೇ ದೂರುವ ಹಾಗೂ ಇಲ್ಲ. ಅವರ ಕೈಯಲ್ಲಿರುವುದು ಹಳೇ ಗಾಡಿಗಳೇ ಇರಬಹುದು. ಯಾವುದರ ಪಾಲು ಎಷ್ಟು ಅಂತ ಬಿಡಿಸಲು ಎರಡನ್ನೂ ಒಟ್ಟಿಗೆ ಹಾಕಬೇಕು.

ಕಷ್ಟ ಇರುವುದು ದುಡ್ಡಿನ ಭಾಗದಲ್ಲಿ. ಕ್ಯಾತ್ಸಂದ್ರದ ಹತ್ತಿರ ಹೈವೇಯಲ್ಲಿ ಒಬ್ಬ ಡ್ರೈವರ್ ಗುದ್ದಿ ಒಂದು ಜೀವ ಹೋಯಿತು ಅಂದ್ಕೊಳ್ಳಿ. 2009ರ ಸರಳಾ ವರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಕೋಷ್ಟಕದ ಪ್ರಕಾರ, ಸತ್ತವರಿಗೆ 28 ವರ್ಷವಾಗಿದ್ದರೆ ಕುಟುಂಬಕ್ಕಾದ ವರ್ಷದ ನಷ್ಟವನ್ನು 17ರಿಂದ ಗುಣಿಸುತ್ತಾರೆ. 58 ಆಗಿದ್ದರೆ 9ರಿಂದ. ಡ್ರೈವರ್ ಅದೇ, ತಪ್ಪೂ ಅದೇ, ಪರಿಹಾರ ಮಾತ್ರ ಹೆಚ್ಚುಕಮ್ಮಿ ಅರ್ಧ. ಸತ್ತವರ ಸಂಪಾದನೆ ಬೇರೆಯಾದರೆ ಅಂತರ ಇನ್ನೂ ಜಾಸ್ತಿ. ಅಂದರೆ ಎಷ್ಟು ಸಲ ಅನ್ನುವುದಕ್ಕೆ ಡ್ರೈವರ್ ವಿವರ ಸುಳಿವು ಕೊಡುತ್ತೆ, ಎಷ್ಟು ದುಡ್ಡು ಅನ್ನುವುದಕ್ಕೆ ಅಷ್ಟಾಗಿ ಕೊಡಲ್ಲ. ಸಾವು-ಗಾಯಕ್ಕೆ ವಿಮೆಯಲ್ಲಿ ಮೇಲ್ಮಿತಿಯೂ ಇಲ್ಲ. ಎದುರಿನವರ ಆಸ್ತಿ ನಷ್ಟಕ್ಕೆ ಮಾತ್ರ 7.5 ಲಕ್ಷದ ಮಿತಿ. ಒಂದೇ ಒಂದು ದೊಡ್ಡ ಕೇಸು ಇಡೀ ಸರಾಸರಿಯನ್ನು ಎಳೆದುಬಿಡುತ್ತೆ.

ನನ್ನ ಕೇಳಿದರೆ ಹಳೇ ಕ್ಲೈಮನ್ನು ಥರ್ಡ್ ಪಾರ್ಟಿ ದರಕ್ಕೂ ಸೇರಿಸಬೇಕು. ಬರೀ ಸಿಸಿ ಹಿಡಿದು ಅಳೆಯುವುದು ತೀರಾ ಒರಟು ಲೆಕ್ಕ. ಆದರೆ ಬೋನಸ್ ಉಳಿಸಿಕೊಳ್ಳಲು ಜನ ಸಣ್ಣಪುಟ್ಟದಕ್ಕೆ ಕ್ಲೈಮ್ ಹಾಕುವುದೇ ಇಲ್ಲ, ಕೈಯಿಂದ ಕೊಟ್ಟು ಮುಗಿಸುತ್ತಾರೆ. ಕ್ಲೈಮ್ ಇಲ್ಲ ಅಂದರೆ ಗುದ್ದಿಲ್ಲ ಅಂತಲ್ಲ. (ನಿಮ್ಮನ್ನ ಅಂದಿದ್ದಲ್ಲ!)

ಸದ್ಯಕ್ಕೆ ಓನ್ ಡ್ಯಾಮೇಜ್ ಭಾಗದಲ್ಲಿ ಶೇ. 50 ಬೋನಸ್ ಬಂದಿದೆಯಾ ನೋಡಿಕೊಳ್ಳಿ. ಸತತ ಐದು ವರ್ಷಕ್ಕೆ ಅದು ಸಿಗಬೇಕು. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೆ ಹೋಗುತ್ತೆ. ಅದು ಮಾಲೀಕರಿಗೆ ಸೇರಿದ್ದು, ಗಾಡಿಗಲ್ಲ. ಹಾಗಾಗಿ ಕಾರು ಮಾರುವಾಗ ಕಂಪನಿಯಿಂದ ಎನ್‌ಸಿಬಿ ಸರ್ಟಿಫಿಕೇಟ್ ಕೇಳಿ ತಗೊಳ್ಳಿ, ಹೊಸ ಕಾರಿಗೆ ಬರುತ್ತೆ.