ಹೆಸರಿಗೆ ಇನ್ನೊಂದು 'ಎ' ಸೇರಿಸಿದ್ರೆ ಕೆಲಸ ಸಿಗತ್ತಾ?

ಪ್ರಶ್ನೆ: ಮಗಳು ಕಾವ್ಯ ಬಿಕಾಂ ಮುಗಿಸಿ ಮನೇಲೇ ಇದಾಳೆ, ಎಷ್ಟು ಕಡೆ ಅಪ್ಲೈ ಮಾಡಿದ್ರೂ ಕೆಲಸ ಸಿಗ್ತಿಲ್ಲ. ಸಂಖ್ಯಾಶಾಸ್ತ್ರ ಹೇಳೋರೊಬ್ರು ಇಂಗ್ಲಿಷ್ ಸ್ಪೆಲಿಂಗ್ ಕೊನೇಲಿ ಇನ್ನೊಂದು 'ಎ' ಸೇರಿಸಿ, ದಾರಿ ತೆರೆಯತ್ತೆ ಅಂತಿದಾರೆ. ಹೆಸರಿಂದ ಹಣೆಬರಹ ಬದಲಾಗತ್ತಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೇಡಂ, 'ಎ' ಸೇರಿಸಿದ್ರೆ ಶನಿ ಬಿಡ್ತಾನೋ ಇಲ್ವೋ, ತಾಪತ್ರಯ ಮಾತ್ರ ಗ್ಯಾರಂಟಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಒಂದು ಸ್ಪೆಲಿಂಗು, ಆಧಾರಲ್ಲಿ ಇನ್ನೊಂದು ಅಂತಾದ್ರೆ ನಾಳೆ ಕೆಲಸ ಸಿಕ್ಕಾಗ ಪಿಎಫ್ ಕೆವೈಸಿಗೂ ಅಲೆದಾಟ, ಪಾಸ್‌ಪೋರ್ಟಿಗೂ ಅಲೆದಾಟ, ಅಫಿಡವಿಟ್ ಮಾಡ್ಸಿ ಪೇಪರಲ್ಲಿ ಜಾಹೀರಾತು ಕೊಡೋ ಖರ್ಚು ಬೇರೆ.

ಹಾಗಂತ ಹೆಸರಲ್ಲೇನಿದೆ ಬಿಡಿ ಅಂತ ನಾನು ಹೇಳಲ್ಲ. ಸುಖದೇವ್ ಥೋರಟ್, ಪಾಲ್ ಅಟೆವೆಲ್ ಅಂತ ಇಬ್ಬರು ಸಂಶೋಧಕರು ಪೇಪರಲ್ಲಿ ಬಂದ ಪ್ರೈವೇಟ್ ಕಂಪನಿಗಳ ಜಾಹೀರಾತಿಗೆ ಒಂದೇ ಥರದ ಓದು ಇರೋ ಅರ್ಜಿಗಳನ್ನ ಹೆಸರು ಮಾತ್ರ ಬೇರೆ ಮಾಡಿ ಕಳಿಸಿದ್ರು, 2007ರಲ್ಲಿ ಅದರ ರಿಸಲ್ಟ್ ಪ್ರಕಟ ಆಯ್ತು. ಮೇಲ್ಜಾತಿ ಹಿಂದೂ ಹೆಸರಿಗೆ ಕರೆ ಬರೋ ಸಾಧ್ಯತೆ 1 ಅಂತಿಟ್ಕೊಂಡ್ರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಅರ್ಜಿ ಹಾಕಿದವರ ಮುಖ ಯಾರೂ ನೋಡಿರ್ಲಿಲ್ಲ, ಹೆಸರು ಓದಿದ್ದಷ್ಟೇ! ಇದೇನು ಹೊಸದಲ್ಲ ಬಿಡಿ, ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳೋಕೆ ಹೋದ್ರೆ ಹೆಸರು ಹೇಳಿದ್ ತಕ್ಷಣ ಓನರ್ರು "ಪೂರ್ತಿ ಹೆಸರೇನಪ್ಪಾ?" ಅಂತಾರೆ, ಗೌಡ, ಶೆಟ್ಟಿ, ಭಟ್ ಅಂತ ಬಾಲ ಸಿಕ್ಕಿದ್ರೆ ಸುಮ್ನಾಗ್ತಾರೆ, ಬರೀ ಇನಿಷಿಯಲ್ ಇದ್ರೆ "ಊರು ಯಾವ್ದು, ವೆಜ್ಜಾ ನಾನ್‌ವೆಜ್ಜಾ" ಅಂತ ಸುತ್ತಿ ಬಳಸಿ ಅಲ್ಲಿಗೇ ಬರ್ತಾರೆ. ಅಂದ್ರೆ ಆಟ ಆಡೋದು ಹೆಸರಿನ ನಂಬರಲ್ಲ, ಓದೋರ ತಲೇಲಿರೋ ಲೆಕ್ಕಾಚಾರ. ಅದಕ್ಕೆ ನಿಮ್ಮ ಸಂಖ್ಯಾಶಾಸ್ತ್ರದೋರ ಹತ್ರ ಮದ್ದಿಲ್ಲ.

ಮೊದ್ಲು ಮಗಳ ಮಾರ್ಕ್ಸ್ ಕಾರ್ಡು, ಆಧಾರ್, ಪ್ಯಾನ್ ಮೂರೂ ಪಕ್ಕದಲ್ಲಿಟ್ಟು ನೋಡಿ, ಇನಿಷಿಯಲ್ ಒಂದರಲ್ಲಿ ಹಿಂದೆ ಇನ್ನೊಂದರಲ್ಲಿ ಮುಂದೆ ಇದ್ರೆ ಈಗ್ಲೇ ಸರಿ ಮಾಡ್ಸಿ, ಆಧಾರಲ್ಲಿ ಹೆಸರು ತಿದ್ದೋಕೆ ಸಾಮಾನ್ಯವಾಗಿ ಸಿಗೋದು ಎರಡೇ ಚಾನ್ಸು. ಬದಲಾಯಿಸಲೇಬೇಕು ಅಂದ್ರೆ ರೆಸ್ಯೂಮೇಲಿರೋ ಈಮೇಲ್ ಐಡಿ ನೋಡಿ, 'ಕ್ಯೂಟ್‌ಕಾವ್ಯ' ಅಂತೇನಾದ್ರೂ ಇದ್ರೆ ಇವತ್ತೇ ತೆಗೆಸಿ. ಸ್ಪೆಲಿಂಗ್ ಬದಲಾಯ್ಸೋಕೆ ಆ ಪುಣ್ಯಾತ್ಮರು ಕೇಳಿದ ಫೀಸಲ್ಲಿ ಟ್ಯಾಲಿ, ಜಿಎಸ್‌ಟಿ ಕೋರ್ಸಿಗೆ ಸೇರಿಸಿ, ಬಿಕಾಂ ಮಾಡಿರೋ ಹುಡುಗಿಗೆ ಉಪಯೋಗಕ್ಕೆ ಬರತ್ತೆ.